ಒಳರೋಗಿಯ ತೃಪ್ತಿ: ಯಾವುದಕ್ಕೆ ಎಷ್ಟು ತೂಕ?

ಸ್ವಚ್ಛತೆ, ಊಟ, ವೈದ್ಯರ ನಡವಳಿಕೆ, ಖರ್ಚು. ಆಸ್ಪತ್ರೆಗೆ ದಾಖಲಾದ ರೋಗಿಯ ತೃಪ್ತಿ ಯಾವ ಅಂಶಗಳ ಮೇಲೆ ನಿಂತಿದೆ ಎಂಬ ಪರೀಕ್ಷೆಯ ಪ್ರಶ್ನೆಗೆ ನಾವೆಲ್ಲ ಬರೆಯುವ ಪಟ್ಟಿ ಇದೇ. ಪಟ್ಟಿ ತಪ್ಪಲ್ಲ, ಆದರೆ ಯಾವುದು ಹೆಚ್ಚು ತೂಗುತ್ತದೆ ಎಂದು ಹೇಳದೆ ಬಿಟ್ಟರೆ ಉತ್ತರ ಅರ್ಧಕ್ಕೇ ನಿಂತಂತೆ.

ಮೊದಲು ಚೌಕಟ್ಟು. ಆರೋಗ್ಯ ಸೇವೆಯ ಗುಣಮಟ್ಟವನ್ನು ಅಧ್ಯಯನ ಮಾಡಿದ ವೈದ್ಯ ಅವೇಡಿಸ್ ಡೊನಬೇಡಿಯನ್ 1966ರಲ್ಲಿ ಆರೈಕೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರಾಗಿ ನೋಡಿದರು. ಹಾಸಿಗೆ, ಉಪಕರಣ, ಸಿಬ್ಬಂದಿಯ ಸಂಖ್ಯೆ ರಚನೆಗೆ ಸೇರುತ್ತವೆ; ನೋಡಿಕೊಂಡ ರೀತಿ ಪ್ರಕ್ರಿಯೆ; ಗುಣವಾಯಿತೋ ಇಲ್ಲವೋ ಎಂಬುದು ಫಲಿತಾಂಶ. ಒಳಗಿನ ಹೊಲಿಗೆ ಸರಿಯಾಗಿ ಬಿದ್ದಿದೆಯೇ ಎಂದು ರೋಗಿಗೆ ಗೊತ್ತಾಗುವುದಿಲ್ಲ. ಕರೆದಾಗ ಸಿಸ್ಟರ್ ಬಂದರೇ ಇಲ್ಲವೇ ಎಂಬುದು ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. ಹಾಗಾಗಿ ರೋಗಿ ಕೊಡುವ ತೃಪ್ತಿಯ ಅಂಕ ಬೀಳುವುದೂ ಏಳುವುದೂ ಬಹುಮಟ್ಟಿಗೆ ಪ್ರಕ್ರಿಯೆಯಲ್ಲೇ. ಅದರಲ್ಲೂ ನರ್ಸಿಂಗ್‌ನಲ್ಲಿ, ಏಕೆಂದರೆ ವೈದ್ಯರು ರೌಂಡ್ಸ್‌ನಲ್ಲಿ ಬಂದು ಹೋಗುವವರು, ದಿನವಿಡೀ ಕಣ್ಣೆದುರು ಇರುವವರು ಸಿಸ್ಟರ್.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ರಾತ್ರಿ ಎರಡು ಗಂಟೆ, ಡ್ರಿಪ್ ಬಾಟಲಿ ಮುಗಿಯುತ್ತಾ ಬಂದಿದೆ. ಅಮ್ಮನ ಜೊತೆಗಿದ್ದ ಮಗಳು ಗಾಬರಿಯಿಂದ ನರ್ಸಿಂಗ್ ಸ್ಟೇಷನ್‌ಗೆ ಓಡುತ್ತಾಳೆ. "ಬರ್ತೀನಿ, ಹೋಗಮ್ಮಾ" ಎಂಬುದು ಒಂದು ಉತ್ತರ. "ಹೆದರ್ಬೇಡಿ, ಆ ಬೆಡ್‌ಗೆ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷದಲ್ಲಿ ಬರ್ತೀನಿ" ಎಂಬುದು ಇನ್ನೊಂದು. ಕಾಯುವ ಹೊತ್ತು ಎರಡರಲ್ಲೂ ಅಷ್ಟೇ ಇದ್ದರೂ ಮಗಳ ಮನಸ್ಸಿನಲ್ಲಿ ಉಳಿಯುವ ಆಸ್ಪತ್ರೆ ಬೇರೆಬೇರೆ. ಆದರೆ ಇದನ್ನು ಬರೀ "ಮಾತಿನ ನಯ" ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಇಡೀ ವಾರ್ಡಿಗೆ ಒಬ್ಬರೇ ಇದ್ದರೆ ನಯವಾಗಿ ಮಾತಾಡಲು ಪುರುಸೊತ್ತಾದರೂ ಎಲ್ಲಿ? ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಅವರ ತಂಡ ಯುರೋಪಿನ 12 ದೇಶಗಳು ಮತ್ತು ಅಮೆರಿಕವನ್ನು ಒಳಗೊಂಡು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್ ಪಾಲಿಗೆ ಕಡಿಮೆ ರೋಗಿಗಳಿದ್ದು ಕೆಲಸದ ವಾತಾವರಣ ಚೆನ್ನಾಗಿದ್ದ ಕಡೆ ರೋಗಿಗಳ ತೃಪ್ತಿಯೂ ಹೆಚ್ಚಿತ್ತು. ರಚನೆ ಪ್ರಕ್ರಿಯೆಯೊಳಗೆ ಬಂದು ಕೂರುವುದು ಹೀಗೆ.

ಕಟ್ಟಡ, ಕಿಟಕಿ, ಸದ್ದು ಇವುಗಳಿಗೂ ಪಾಲಿದೆ. ರೋಜರ್ ಉಲ್ರಿಚ್ ಅವರ 1984ರ ಪ್ರಸಿದ್ಧ ಅಧ್ಯಯನ ನೆನಪಿಟ್ಟರೆ ಸಾಕು: ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು.

ಡಿಸ್ಚಾರ್ಜ್ ಬಗ್ಗೆ ಪಠ್ಯಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ನನ್ನ ಪ್ರಕಾರ ಅದು ಅನ್ಯಾಯ. ಬೆಳಗಿನ ರೌಂಡ್ಸ್‌ನಲ್ಲಿ "ಇವತ್ತು ಮನೆಗೆ ಹೋಗಬಹುದು" ಎಂದಾಗ ಮನೆಯವರು ಬ್ಯಾಗ್ ಕಟ್ಟಿಕೊಂಡು ಕೂರುತ್ತಾರೆ. ಆಮೇಲೆ ಫಾರ್ಮಸಿ ಕ್ಲಿಯರೆನ್ಸ್, ಫೈನಲ್ ಬಿಲ್, ಇನ್ಶೂರೆನ್ಸ್ ಅಪ್ರೂವಲ್ ಎನ್ನುತ್ತಾ ಸಂಜೆಯಾಗುತ್ತದೆ. ಚಿಕಿತ್ಸೆ ಎಷ್ಟೇ ಚೆನ್ನಾಗಿದ್ದರೂ ಬಾಯಲ್ಲಿ ಉಳಿಯುವುದು ಈ ಕಡೆಯ ಕಹಿ. ಈ ದೂರು ಎಷ್ಟು ವ್ಯಾಪಕವೆಂದರೆ, ನಗದುರಹಿತ ಕ್ಲೇಮ್‌ಗಳಲ್ಲಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸುತ್ತೋಲೆ ಹೊರಡಿಸಬೇಕಾಯಿತು. ಮನೆಗೆ ಹೋದಮೇಲೆ ಯಾವ ಮಾತ್ರೆ ಎಷ್ಟು ದಿನ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಅರ್ಥವಾಗುವ ಹಾಗೆ ಹೇಳಿ ಕಳಿಸುವುದೂ ಇದರದೇ ಭಾಗ.

ಇನ್ನು ರೋಗಿಯ ಕಡೆಯಿಂದ ಬರುವ ಅಂಶಗಳು. ವಯಸ್ಸಾದವರು ಸಾಮಾನ್ಯವಾಗಿ ಹೆಚ್ಚು ಅಂಕ ಕೊಡುತ್ತಾರೆ, ಆರೋಗ್ಯ ತೀರಾ ಕೆಟ್ಟವರು ಕಡಿಮೆ. ನಿರೀಕ್ಷೆಯೂ ಅಷ್ಟೇ ಮುಖ್ಯ: ಏನೂ ನಿರೀಕ್ಷಿಸದೆ ಬಂದವರು ಸಣ್ಣ ಉಪಕಾರಕ್ಕೂ ಕೈಮುಗಿಯುತ್ತಾರೆ. ಅದಕ್ಕೇ ಉಚಿತ ವಾರ್ಡಿನ ಅಂಕವನ್ನೂ ಸ್ಪೆಷಲ್ ರೂಮಿನ ಅಂಕವನ್ನೂ ನೇರವಾಗಿ ಹೋಲಿಸಬಾರದು.

ಯಾರು ಕೇಳುತ್ತಾರೆ, ಯಾವಾಗ ಕೇಳುತ್ತಾರೆ ಎಂಬುದೂ ಉತ್ತರವನ್ನು ಬದಲಿಸುತ್ತದೆ. ಹಾಸಿಗೆ ಪಕ್ಕ ಫಾರಂ ಹಿಡಿದು ನಿಂತರೆ "ಎಲ್ಲಾ ಚೆನ್ನಾಗಿದೆ ಸಿಸ್ಟರ್" ಎನ್ನದೆ ಯಾರು ತಾನೆ ಬೇರೇನು ಹೇಳಿಯಾರು? ಆಸ್ಪತ್ರೆಯಲ್ಲಿದ್ದು ಹೋದ ರೋಗಿಗಳ ಅನುಭವ ಕೇಳುವ ಅಮೆರಿಕದ ಎಚ್‌ಕ್ಯಾಪ್ಸ್ (HCAHPS) ಸಮೀಕ್ಷೆಯ ಅಂಕಗಳು 2008ರಿಂದ ಸಾರ್ವಜನಿಕವಾಗಿ ಪ್ರಕಟವಾಗುತ್ತಿವೆ. ಅದು ರೋಗಿ ಮನೆ ಸೇರಿ ಕನಿಷ್ಠ 48 ಗಂಟೆಯಾದ ಮೇಲೆ, "ನರ್ಸ್‌ಗಳು ಅರ್ಥವಾಗುವಂತೆ ವಿವರಿಸಿದ್ದು ಎಷ್ಟು ಬಾರಿ?" ಎಂಬ ಧಾಟಿಯಲ್ಲಿ ಕೇಳುತ್ತದೆ, ವಯಸ್ಸು, ಆರೋಗ್ಯಸ್ಥಿತಿಗೆ ತಕ್ಕಂತೆ ಅಂಕವನ್ನು ಸರಿಹೊಂದಿಸುತ್ತದೆ. ನಮ್ಮಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ತಂದ 'ಮೇರಾ ಅಸ್ಪತಾಲ್' ಎಂಬ ವ್ಯವಸ್ಥೆ ಎಸ್ಸೆಮ್ಮೆಸ್, ಫೋನ್ ಕರೆ, ಆ್ಯಪ್ ಮೂಲಕ ಅಭಿಪ್ರಾಯ ಪಡೆಯುತ್ತದೆ.

"ತೃಪ್ತಿ ಎಂದರೆ ಗುಣಮಟ್ಟವೇ?" ಎಂದು ಉಪಪ್ರಶ್ನೆ ಬಂದರೆ ಅಮೆರಿಕದ ಸಂಶೋಧಕ ಜೋಶುವಾ ಫೆಂಟನ್ ತಂಡದ 2012ರ ಅಧ್ಯಯನ ಬರೆಯಿರಿ: ಅತಿ ಹೆಚ್ಚು ತೃಪ್ತರಾಗಿದ್ದವರಲ್ಲಿ ವೈದ್ಯಕೀಯ ಖರ್ಚೂ ಮರಣ ಪ್ರಮಾಣವೂ ಹೆಚ್ಚಿದ್ದವು. ಪಕ್ಕದಲ್ಲೇ, ಇದು ಸಂಬಂಧ ಮಾತ್ರ, ಕಾರಣವೆಂದು ಸಾಬೀತಾಗಿಲ್ಲ ಎಂಬ ಸಾಲನ್ನೂ ಸೇರಿಸಿ.