ನೆಕ್ ಪ್ರೊಫೈಲ್: ದಪ್ಪ ಬೇರೆ, ಅಗಲ ಬೇರೆ, ಆಕಾರ ಬೇರೆ

‘ಇದರ ನೆಕ್ ಸಣ್ಣ, ನಿಮ್ಮ ಕೈಗೆ ಸರಿಹೋಗುತ್ತದೆ’ ಎಂಬ ಮಾತನ್ನು ಎಲೆಕ್ಟ್ರಿಕ್ ಗಿಟಾರ್ ಮಾರುವವರೂ ಕೊಳ್ಳುವವರೂ ಬಹಳ ಸಲೀಸಾಗಿ ಆಡುತ್ತಾರೆ. ನೆಕ್ ಎಂದರೆ ತಂತಿಗಳನ್ನು ಒತ್ತುವ ಕೈ ಹಿಡಿಯುವ ಉದ್ದನೆಯ ಮರದ ಭಾಗ. ಆದರೆ ಇಲ್ಲಿ ‘ಸಣ್ಣ’ ಎಂದರೆ ಏನೆಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಫ್ರೆಟ್‌ಬೋರ್ಡಿನ (ಬೆರಳಿಟ್ಟು ತಂತಿ ಒತ್ತುವ ಮುಂಬದಿಯ) ಮೇಲ್ಮೈಯಿಂದ ಹಿಂಬದಿಯವರೆಗೆ ಅಳೆದಾಗ ಅದು ತೆಳುವಾಗಿದೆಯೆ, ಮೊದಲನೆಯ ತಂತಿಯ ಬದಿಯಿಂದ ಆರನೆಯದರ ಬದಿಗೆ ಅಳೆದಾಗ ಕಿರಿದಾಗಿದೆಯೆ, ಅಥವಾ ಹಿಂಬದಿಯ ಎರಡು ಭುಜಗಳು, ಅಂದರೆ ಅಂಚಿನಿಂದ ನಡುವಿಗೆ ಬಾಗುವ ಬದಿಗಳು, ಇಳಿಜಾರಾಗಿರುವುದರಿಂದ ಹಿಡಿತಕ್ಕೆ ಹಗುರವೆನಿಸುತ್ತಿದೆಯೆ? ಇವು ಮೂರು ಬೇರೆ ಬೇರೆ ಸಂಗತಿಗಳು. ‘ಪ್ರೊಫೈಲ್’ ಎಂಬ ಪದ ಮುಖ್ಯವಾಗಿ ಹಿಂಬದಿಯ ಆಕಾರವನ್ನು, ಸಡಿಲವಾಗಿ ಬಳಸಿದಾಗ ಅದರ ಜತೆಗೆ ದಪ್ಪವನ್ನೂ ಸೂಚಿಸುತ್ತದೆ. ಅಗಲಕ್ಕೆ ಅದರಲ್ಲಿ ಜಾಗವೇ ಇಲ್ಲ.

ದಪ್ಪವನ್ನು ಸಾಮಾನ್ಯವಾಗಿ ಎರಡು ಫ್ರೆಟ್‌ಗಳ (ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ) ಬಳಿ ಅಳೆಯುತ್ತಾರೆ, ಮೊದಲನೆಯ ಫ್ರೆಟ್‌ನಲ್ಲಿ ಮತ್ತು ಹನ್ನೆರಡನೆಯದರಲ್ಲಿ. ಮೊದಲನೆಯ ಫ್ರೆಟ್‌ನಲ್ಲಿ 17ರಿಂದ 19 ಮಿಲಿಮೀಟರ್ ಇದ್ದರೆ ತೆಳು, 20ರಿಂದ 21.5ರ ಆಸುಪಾಸಿನಲ್ಲಿದ್ದರೆ ಮಧ್ಯಮ, 23ನ್ನು ದಾಟಿದರೆ ದಪ್ಪ ಎಂದುಕೊಳ್ಳಬಹುದು. ಅಗಲವನ್ನು ನಟ್‌ನಲ್ಲಿ, ಅಂದರೆ ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಗಾಡಿಗಳಿರುವ ಪಟ್ಟಿಯಲ್ಲಿ, ಅಳೆಯುತ್ತಾರೆ; ಇಂದಿನ ಹೆಚ್ಚಿನ ಗಿಟಾರ್‌ಗಳಲ್ಲಿ ಅದು 42ರಿಂದ 43 ಮಿಲಿಮೀಟರ್. ಕಾಗದದ ಮೇಲೆ ಒಂದೂವರೆ ಮಿಲಿಮೀಟರ್ ಕ್ಷುಲ್ಲಕವಾಗಿ ಕಾಣಬಹುದು, ಅಂಗೈಗೆ ಅದು ಮೊದಲ ಹಿಡಿತದಲ್ಲೇ ತಿಳಿಯುತ್ತದೆ.

ಗೊಂದಲದ ದೊಡ್ಡ ಪಾಲು ಅಕ್ಷರಗಳಿಂದ ಬಂದಿದೆ. ನೆಕ್ಕನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹಿಂಬದಿಯ ಬಾಗು ಯಾವ ಇಂಗ್ಲಿಷ್ ಅಕ್ಷರವನ್ನು ಹೋಲುತ್ತದೋ ಅದೇ ಆ ಆಕಾರದ ಹೆಸರು. ‘ಸಿ’ ಎಂದರೆ ಒಂದೇ ಸಮನೆ ಬಾಗಿದ ಹಿಂಬದಿ, ‘ಡಿ’ಯಲ್ಲಿ ಭುಜಗಳು ತುಂಬಿಕೊಂಡು ನಡುವೆ ತುಸು ಚಪ್ಪಟೆಯಾಗಿರುತ್ತದೆ, ‘ಯು’ನಲ್ಲಿ ಬದಿಗಳು ಇನ್ನೂ ಆಳಕ್ಕೆ ಇಳಿಯುತ್ತವೆ, ‘ವಿ’ಯಲ್ಲಿ ದೋಣಿಯ ತಳದಂತೆ ನಡುವೆ ಒಂದು ಏಣು ಎದ್ದಿರುತ್ತದೆ. ಈ ಯಾವ ಅಕ್ಷರವೂ ದಪ್ಪವನ್ನು ಹೇಳುವುದಿಲ್ಲ. 20 ಮಿಲಿಮೀಟರಿನ ‘ಸಿ’ ಇದೆ, 23 ಮಿಲಿಮೀಟರಿನ ‘ಸಿ’ಯೂ ಇದೆ. ಆದ್ದರಿಂದ ‘ಸಿ ಶೇಪ್, ಅಂದರೆ ತೆಳು ನೆಕ್’ ಎಂದು ವಿವರಿಸುವವರು ಕೇಳುಗರನ್ನು ದಾರಿ ತಪ್ಪಿಸುತ್ತಿದ್ದಾರೆ.

ಇದಕ್ಕಿಂತ ಹಳೆಯದೂ ಹೆಚ್ಚು ದುಬಾರಿಯೂ ಆದ ಇನ್ನೊಂದು ತಪ್ಪಿದೆ. 1960ರ ದಶಕದಲ್ಲಿ ಫೆಂಡರ್ ಕಂಪನಿ ತನ್ನ ನೆಕ್‌ಗಳ ಬುಡದಲ್ಲಿ, ದೇಹಕ್ಕೆ ಸ್ಕ್ರೂ ಹಾಕಿ ಕೂರಿಸುವ ಭಾಗದಲ್ಲಿ, ತಿಂಗಳು ಮತ್ತು ವರ್ಷದ ಜತೆಗೆ ಎ, ಬಿ, ಸಿ, ಡಿಗಳಲ್ಲಿ ಒಂದು ಅಕ್ಷರವನ್ನು ಮುದ್ರಿಸುತ್ತಿತ್ತು. ಆ ಅಕ್ಷರಕ್ಕೂ ಹಿಂಬದಿಯ ಆಕಾರಕ್ಕೂ ಯಾವ ಸಂಬಂಧವೂ ಇಲ್ಲ. ಅದು ನಟ್‌ನ ಅಗಲದ ಗುರುತು. ಎ ಎಂದರೆ ಒಂದೂವರೆ ಇಂಚು, ಬಿ ಎಂದರೆ ಒಂದೂ ಐದೆಂಟಾಂಶ, ಸಿ ಎಂದರೆ ಒಂದೂಮುಕ್ಕಾಲು, ಡಿ ಎಂದರೆ ಒಂದೂ ಏಳೆಂಟಾಂಶ ಇಂಚು. ಸುಮಾರು 41 ಮಿಲಿಮೀಟರಿನ ಬಿ ಅಂದಿನ ವಾಡಿಕೆಯ ಅಗಲವಾಗಿದ್ದರೆ ಸಿ ಸುಮಾರು 44.5 ಮಿಲಿಮೀಟರಿನದು, ಅಂದರೆ ಎದ್ದು ಕಾಣುವಷ್ಟು ಅಗಲವಾದದ್ದು. ಆ ಮುದ್ರೆಯ ‘ಸಿ’ಯನ್ನು ಇಂದಿನ ‘ಸಿ ಶೇಪ್’ ಎಂದು ಓದಿದವರು, ಹಗುರ ಹಿಡಿತದ ನೆಕ್ ಸಿಕ್ಕಿತೆಂಬ ನಂಬಿಕೆಯಲ್ಲಿ, ಬೆರಳುಗಳು ಎಂದಿಗಿಂತ ದೂರ ಚಾಚಬೇಕಾದ ನೆಕ್ಕಿಗೆ ಹಣ ಕೊಡುತ್ತಾರೆ. ‘ಬಿ ಪ್ರೊಫೈಲ್’ ಎಂಬ ಆಕಾರವೇ ಇದೆಯೆಂದು ಬರೆಯುವವರೂ ಇದ್ದಾರೆ. ಬಿ ಎಂಬುದು ಅಗಲವಷ್ಟೆ, ಆಕಾರವಲ್ಲ.

ಗಿಬ್ಸನ್ ಕಂಪನಿಯ ಕಡೆಯಲ್ಲಿ ಇದೇ ಗೊಂದಲವನ್ನು ದಶಕಗಳ ಹೆಸರುಗಳು ಮಾಡಿವೆ. 1959ರ ಲೆಸ್ ಪಾಲ್ ಮಾದರಿಯ ಗಿಟಾರಿನ ನೆಕ್ ಮೊದಲನೆಯ ಫ್ರೆಟ್‌ನಲ್ಲಿ ಸುಮಾರು 23 ಮಿಲಿಮೀಟರ್ ಇದ್ದು ಹನ್ನೆರಡನೆಯದರ ಹತ್ತಿರ 25ನ್ನು ಮುಟ್ಟುತ್ತದೆ. ಕೈಯಿಂದ ತಿದ್ದಿ ಮುಗಿಸಿದವಾದ್ದರಿಂದ ಒಂದೊಂದೂ ತುಸು ಬೇರೆ. 1960ರ ಅವಧಿಯಲ್ಲಿ ಅದು ತೆಳುವಾಗುತ್ತ ಬಂದು ಮೊದಲನೆಯ ಫ್ರೆಟ್‌ನಲ್ಲಿ 20 ಮಿಲಿಮೀಟರಿನ ಆಸುಪಾಸಿಗೆ ಇಳಿಯಿತು. ಇಂದು ‘ಫಿಫ್ಟೀಸ್ ನೆಕ್’ ಎಂದರೆ ದಪ್ಪ, ‘ಸಿಕ್ಸ್ಟೀಸ್ ನೆಕ್’ ಎಂದರೆ ತೆಳು ಎನ್ನುವ ರೂಢಿ ಈ ಒಂದು ಬದಲಾವಣೆಯಿಂದ ಹುಟ್ಟಿತು. ಆದರೆ 1965ರಿಂದ ಆ ದಶಕದ ಕೊನೆಯ ಹೊತ್ತಿನವರೆಗೆ ಅದೇ ಕಂಪನಿಯ ಎಸ್‌ಜಿ ಮತ್ತು ಇಎಸ್-335ರಂಥ ಗಿಟಾರ್‌ಗಳಲ್ಲಿ ನಟ್ಟಿನ ಅಗಲ ಸುಮಾರು 43ರಿಂದ 40 ಮಿಲಿಮೀಟರಿಗೆ ಕುಗ್ಗಿತ್ತು. ಅವೂ ಅರವತ್ತರ ದಶಕದ ನೆಕ್‌ಗಳೇ. ಒಂದು ತೆಳು, ಇನ್ನೊಂದು ಕಿರಿದು. ಎರಡನ್ನೂ ‘ಸಣ್ಣ’ ಎಂಬ ಒಂದೇ ಪದದಲ್ಲಿ ಮುಗಿಸಿದರೆ, ದೂರದಿಂದ ಹಳೆಯ ಗಿಟಾರ್ ತರಿಸಿಕೊಳ್ಳುವವರು ಪೆಟ್ಟಿಗೆ ತೆರೆದ ಮೇಲಷ್ಟೇ ನಿಜ ತಿಳಿಯಬೇಕಾಗುತ್ತದೆ.

ತೆಳುವಾದದ್ದೆಲ್ಲ ಕಿರಿದಲ್ಲ ಎಂಬುದಕ್ಕೆ ಐಬನೇಜ್ ಕಂಪನಿಯ ವಿಜ಼ರ್ಡ್ ನೆಕ್ಕಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೊದಲನೆಯ ಫ್ರೆಟ್‌ನಲ್ಲಿ 17, ಹನ್ನೆರಡನೆಯದರಲ್ಲಿ 20 ಮಿಲಿಮೀಟರ್ ದಪ್ಪ. ನಟ್ ಮಾತ್ರ 43 ಮಿಲಿಮೀಟರ್ ಅಗಲ, ಫ್ರೆಟ್‌ಬೋರ್ಡ್ ಬಹುಪಾಲು ಚಪ್ಪಟೆ. ಹೆಬ್ಬೆರಳನ್ನು ನೆಕ್ಕಿನ ಹಿಂಬದಿಯ ನಡುವೆ ಊರಿ, ನಾಲ್ಕು ಬೆರಳುಗಳನ್ನೂ ನೆಟ್ಟಗೆ ಇಳಿಸಿ ವೇಗವಾಗಿ ನುಡಿಸುವವರಿಗೆ ಇದು ಹೇಳಿ ಮಾಡಿಸಿದ ವಿನ್ಯಾಸ. ಹೆಬ್ಬೆರಳನ್ನು ಮೇಲಂಚಿನಿಂದ ಆಚೆ ಚಾಚಿ, ಅಂಗೈಯಿಂದ ನೆಕ್ಕನ್ನು ಅಪ್ಪಿ ಹಿಡಿದು ತಂತಿಯನ್ನು ಬದಿಗೆ ಎಳೆದು ಬೆಂಡ್ ಮಾಡುವವರಿಗೆ ಇದೇ ನೆಕ್ ಅಂಗೈ ಮತ್ತು ಮರದ ನಡುವೆ ಟೊಳ್ಳನ್ನು ಬಿಡುತ್ತದೆ. ಆ ಟೊಳ್ಳನ್ನು ತುಂಬಲು ಕೈ ಇನ್ನಷ್ಟು ಬಿಗಿಹಿಡಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೆಬ್ಬೆರಳಿನ ಬುಡ ನೋಯುತ್ತದೆ. ‘ಚಿಕ್ಕ ಕೈಗೆ ತೆಳು ನೆಕ್’ ಎಂಬ ಸಲಹೆ ಇಲ್ಲಿಯೇ ಸೋಲುತ್ತದೆ. ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಕೈಯ ಅಳತೆಗಿಂತ ಮೊದಲು ಹೆಬ್ಬೆರಳಿನ ಜಾಗ. ಬೆರಳು ಗಿಡ್ಡವಾಗಿದ್ದು ಬಾರ್ ಕಾರ್ಡ್‌ಗಳಿಗೆ (ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒಟ್ಟಿಗೆ ಒತ್ತುವ ಸ್ವರಗುಚ್ಛಗಳಿಗೆ) ಕಷ್ಟಪಡುವವರಿಗೆ ನೆರವಾಗುವುದು ಎಷ್ಟೋ ಸಲ ಇಳಿಜಾರು ಭುಜ ಅಥವಾ ಕಡಿಮೆ ಅಗಲ. ಭುಜ ತುಂಬಿಕೊಂಡ 20 ಮಿಲಿಮೀಟರಿನ ‘ಡಿ’ಗಿಂತ ಇಳಿಜಾರು ಭುಜದ 22 ಮಿಲಿಮೀಟರಿನ ‘ವಿ’ ಅವರಿಗೆ ಹಗುರವೆನಿಸಬಹುದು. 1988ರಲ್ಲಿ ಬಂದ, ವಾದಕ ಎರಿಕ್ ಕ್ಲಾಪ್ಟನ್ ಹೆಸರಿನ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಗಿಟಾರಿಗೆ ಮೃದುವಾದ ‘ವಿ’ಯನ್ನೇ ಕೊಟ್ಟಿದ್ದರು. 1991ರಲ್ಲಿ ಇನ್ನೊಬ್ಬ ವಾದಕ ಜೆಫ್ ಬೆಕ್ ಹೆಸರಿನಲ್ಲಿ ಬಂದ ಮಾದರಿಯ ನೆಕ್ ಬಹಳ ದಪ್ಪ; ಅದೇ ಹೆಸರಿನ ಮುಂದಿನ ಆವೃತ್ತಿಯಲ್ಲಿ ಅದನ್ನು ತೆಳುಗೊಳಿಸಿದರು. ಹಾಗಾಗಿ ವಾದಕರ ಹೆಸರನ್ನಷ್ಟೇ ಹಿಡಿದು ದಪ್ಪವನ್ನು ಊಹಿಸುವುದೂ ನೆಚ್ಚುವಂಥದ್ದಲ್ಲ.

ದಪ್ಪ ನೆಕ್ಕಿನಿಂದ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ಮಾತಿಗೆ ಇಷ್ಟೇ ಆಧಾರ: ಬಾಗುವಿಕೆಗೆ ಮರ ಒಡ್ಡುವ ಪ್ರತಿರೋಧ ಸರಿಸುಮಾರು ದಪ್ಪದ ಘನಕ್ಕೆ (ಮೂರನೆಯ ಘಾತಕ್ಕೆ) ಅನುಗುಣವಾಗಿ ಏರುತ್ತದೆ. ಅದೇ ಮರ, ಅದೇ ಅಗಲವಿದ್ದರೆ 22 ಮಿಲಿಮೀಟರಿನ ನೆಕ್ 17ರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬಿಗಿ. ಬಿಗಿಯಾದ ನೆಕ್ ಹವಾಮಾನಕ್ಕೆ ಕಡಿಮೆ ಬಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗಿಟಾರ್ ಇಟ್ಟುಕೊಂಡವರಿಗೆ ಇದು ನಿಜವಾದ ಅನುಕೂಲ. ಹಾಗೆಂದು ತೆಳು ನೆಕ್ ದುರ್ಬಲವೆಂದೇನೂ ಅಲ್ಲ. ಐದು ಪಟ್ಟಿಗಳನ್ನು ಅಂಟಿಸಿ ಮಾಡಿದ ನೆಕ್, ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳು ಇವೆಲ್ಲ ಆ ಕೊರತೆಯನ್ನು ತುಂಬಲೆಂದೇ ಇವೆ. ಕಿವಿಗೆ ಕೇಳುವ ಸ್ವರದ ಬಗ್ಗೆ ಹೇಳುವುದಾದರೆ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಮತ್ತು ತಂತಿ ಬದಲಿಸಿದಾಗ ಆಗುವ ವ್ಯತ್ಯಾಸದ ಮುಂದೆ ನೆಕ್ಕಿನ ದಪ್ಪದ ಪಾಲು ಚಿಕ್ಕದು. ಸ್ವರಕ್ಕಾಗಿ ಕೈನೋವನ್ನು ಸಹಿಸಿಕೊಳ್ಳಿ ಎನ್ನುವ ಸಲಹೆಯನ್ನು ಯಾರೂ ಪಾಲಿಸಬೇಕಿಲ್ಲ.

ಕೊಳ್ಳುವ ಮೊದಲು ಮಾರುವವರನ್ನು ಅಕ್ಷರದ ಬದಲು ಅಂಕಿಗಳನ್ನು ಕೇಳುವುದು ಒಳ್ಳೆಯದು: ನಟ್ಟಿನ ಅಗಲ, ಮೊದಲನೆಯ ಮತ್ತು ಹನ್ನೆರಡನೆಯ ಫ್ರೆಟ್‌ಗಳಲ್ಲಿ ದಪ್ಪ, ಆಮೇಲೆ ಆಕಾರ. ಅಂಕಿಗಳು ಸಿಗದಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಬಹುದು. ಅದಕ್ಕೆ ತಂತಿಗಳನ್ನು ಸಡಿಲಿಸಬೇಕಾಗುತ್ತದೆ. ಕೈಯಲ್ಲಿ ಹಿಡಿದು ನೋಡುವುದಾದರೆ ಒಂದೆರಡು ನಿಮಿಷದ ಹಿಡಿತದಲ್ಲಿ ದಪ್ಪ ತಿಳಿದರೂ ಅದು ಕೈಗೆ ಒಗ್ಗುತ್ತದೆಯೆ ಎಂಬುದು ತಿಳಿಯುವುದಿಲ್ಲ. ಮೊದಲ ಫ್ರೆಟ್‌ಗಳಲ್ಲಿ ಬಾರ್ ಕಾರ್ಡ್‌ಗಳನ್ನು ಕಾಲು ಗಂಟೆಯಾದರೂ ನುಡಿಸಿದ ಮೇಲೆ ಹೆಬ್ಬೆರಳಿನ ಬುಡ ಕೊಡುವ ಉತ್ತರವನ್ನು ನಂಬಬಹುದು. ಎರಡರ ನಡುವೆ ತೀರ್ಮಾನವಾಗದಿದ್ದರೆ ದಪ್ಪದ್ದನ್ನು ಆರಿಸುವುದು ಸುರಕ್ಷಿತ, ಏಕೆಂದರೆ ನುರಿತ ಕೆಲಸಗಾರರು ಮರವನ್ನು ಹೆರೆದು ನೆಕ್ಕನ್ನು ತೆಳುಗೊಳಿಸಬಲ್ಲರು, ಭುಜಗಳನ್ನೂ ಇಳಿಸಬಲ್ಲರು. ಹೆರೆಯಿಸುವ ಮುನ್ನ ಟ್ರಸ್ ರಾಡ್ ಎಷ್ಟು ಆಳದಲ್ಲಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಅದರ ಕಾಲುವೆಯವರೆಗೆ ಹೆರೆದರೆ ಆ ನೆಕ್ ಮತ್ತೆ ಕೆಲಸಕ್ಕೆ ಬರುವುದಿಲ್ಲ.