ಡೋಂಗ್ರಿ ಅಂದ್ರೆ ನಗಬ್ಯಾಡ್ರಿ

ಹೋದ ತಿಂಗಳು ಬಳ್ಳಾರಿ ಕೌಲ್ ಬಜಾರ್‌ನಾಗೆ ಪ್ಯಾಂಟ್ ಆಲ್ಟರ್ ಮಾಡ್ಸೋಕೆ ಕುಂತಿದ್ದೆ. ಮಾಸ್ಟರು ಅಂಗಡಿ ಹುಡುಗನಿಗೆ "ಲೇ, ಆ ಡೋಂಗ್ರಿ ಬಂಡಲ್ ಇತ್ತಾಗ ತಗಂಬಾ" ಅಂದ್ರು, ಅಲ್ಲೇ ನಿಂತಿದ್ದ ಕಾಲೇಜ್ ಹುಡುಗಿ ನಕ್ಕು "ಅಂಕಲ್, ಅದು ಡೋಂಗ್ರಿ ಅಲ್ಲ, ಡಂಗರೀಸ್" ಅಂತ ತಿದ್ದಿದ್ಲು. "ಏನೋ ಒಂದಮ್ಮ, ಎದೆಗಂಟ ಬರೋ ಪ್ಯಾಂಟು" ಅಂತ ಅವ್ರು ಮಿಷಿನ್ ತುಳಿಯೋಕೆ ಹತ್ತಿದ್ರು.

ಮನಿಗೆ ಬಂದು ಡಿಕ್ಷನರಿ ತೆಗೆದ್ರೆ ಮಾಸ್ಟರ್ ಹೇಳಿದ್ದೇ ಮೂಲಕ್ಕೆ ಹತ್ರ ಐತೆ. ಮುಂಬೈನಾಗೆ ಡೋಂಗ್ರಿ ಅಂತ ಏರಿಯಾ ಐತಲ್ಲ, ಮರಾಠಿನಾಗೆ ಡೋಂಗರ ಅಂದ್ರೆ ಗುಡ್ಡ, ಆ ಕಡೆ ಮಾರ್ತಿದ್ದ ಒರಟು ಹತ್ತಿ ಬಟ್ಟೆಗೆ ಡುಂಗ್ರಿ ಅಂತಿದ್ರು, 17ನೇ ಶತಮಾನದಾಗೇ ಇಂಗ್ಲಿಷ್ ವ್ಯಾಪಾರದವರು ಬಟ್ಟೆ ಜೊತೆ ಹೆಸರನ್ನೂ ಎತ್ಕೊಂಡು ಹೋಗಿ ಡಂಗರಿ ಮಾಡಿದ್ರು. ಮೊದಲು ಅದು ಬಟ್ಟೆ ಹೆಸರು ಅಷ್ಟೇ, ಹೆಗಲಿಗೆ ಪಟ್ಟಿ ಇರೋ ಕೆಲಸದ ಉಡುಪಿಗೆ ಆ ಹೆಸರು ಅಂಟಿಕೊಂಡಿದ್ದು ಆಮೇಲೆ. ಈಗ ಅದೇ ಮಕ್ಕಳ ಫ್ಯಾಷನ್ ಅಂತ ವಾಪಸ್ ಬಂದು ನಮ್ಮ ಅಂಗಡಿನಾಗೆ ತೂಗಾಡ್ತೈತೆ.

ಈ ಬಟ್ಟೆ ಮಾತಿನಾಗೆ ಊರಿನ ಹೆಸರುಗಳೇ ಜಾಸ್ತಿ ನೋಡ್ರಿ. ಡೆನಿಮ್ ಅನ್ನೋದು ಫ್ರಾನ್ಸಿನ ನೀಮ್ ಊರಿಂದ, ಸೆರ್ಜ್ ದ ನೀಮ್ ಅಂದ್ರೆ ನೀಮ್ ಊರಿನ ಸೆರ್ಜ್ ಬಟ್ಟೆ, ಅದರಾಗೆ ಬಾಲ ಮಾತ್ರ ಉಳಿದು ಡೆನಿಮ್ ಆಯ್ತು. ಜೀನ್ ಅನ್ನೋದು ಇಟಲಿಯ ಜಿನೋವಾ ಊರಿನ ಫ್ರೆಂಚ್ ಹೆಸರಿಂದ. 1873ರ ಮೇ 20ಕ್ಕೆ ಅಮೆರಿಕದಾಗೆ ಜೇಕಬ್ ಡೇವಿಸ್ ಅನ್ನೋ ಟೈಲರ್ರು, ಲೀವೈ ಸ್ಟ್ರಾಸ್ ಅನ್ನೋ ಬಟ್ಟೆ ವ್ಯಾಪಾರಿ ಇಬ್ರೂ ಸೇರಿ ಜೇಬು ಹರೀಬಾರದಂತ ರಿವೆಟ್, ಅಂದ್ರೆ ಲೋಹದ ಗುಂಡಿ ಹೊಡೆಯೋದಕ್ಕೆ ಪೇಟೆಂಟ್ ತಗಂಡ್ರಲ್ಲ, ಆಗಿನ್ನೂ ಆ ಪ್ಯಾಂಟಿಗೆ ಜೀನ್ಸ್ ಅಂತಿರಲಿಲ್ಲ, ವೇಸ್ಟ್ ಓವರಾಲ್ಸ್, ಅಂದ್ರೆ ಸೊಂಟದಗಂಟ ಬರೋ ಕೆಲಸದ ಉಡುಪು ಅಂತಿದ್ರು.

ನಂಗೆ ಭಾಳ ಹಿಡಿಸಿದ್ದು ಜೀನ್ಸಿನ ನೀಲಿ ಬಣ್ಣದ, ಅಂದ್ರೆ ಇಂಡಿಗೋದ ಕಥೆ. ಇಂಡಿಗೋ ಅನ್ನೋದು ಗ್ರೀಕಿನ ಇಂಡಿಕಾನ್‌ನಿಂದ ಬಂದಿದ್ದು, ಅಂದ್ರೆ ಇಂಡಿಯಾದ್ದು. ಇನ್ನೊಂದು ದಾರಿನಾಗೆ ನಮ್ಮ ನೀಲ ಅನ್ನೋ ಪದ ಅರಬರ ಬಾಯಾಗೆ ಅನ್ನೀಲ್ ಆಯ್ತು, ಪೋರ್ಚುಗೀಸರಿಗೆ ಅನಿಲ್ ಆಯ್ತು, 1841ರ ಹೊತ್ತಿಗೆ ಇಂಡಿಗೋದಿಂದ ತೆಗೆದ ಒಂದು ಕೆಮಿಕಲ್ಲಿಗೆ ಅನಿಲಿನ್ ಅಂತ ಹೆಸರಿಟ್ರು. 1897ರಾಗೆ ಜರ್ಮನಿಯ ಫ್ಯಾಕ್ಟರಿ ಇಂಡಿಗೋ ಮಾರ್ಕೆಟ್ಟಿಗೆ ಬಂದು ಇಲ್ಲಿ ನೀಲಿ ಗಿಡ ಬೆಳೆಯೋರ ಹೊಟ್ಟೆ ಮೇಲೆ ಹೊಡೀತು, ಇವತ್ತು ಜೀನ್ಸಿಗೆ ಹಾಕೋ ಇಂಡಿಗೋ ಬಹುಪಾಲು ಆ ಅನಿಲಿನ್‌ನಿಂದಲೇ ಮಾಡ್ತಾರೆ. ಅಂದ್ರೆ ನೀಲಿಯಿಂದ ಹುಟ್ಟಿದ ಅನಿಲಿನ್ನೇ ಈಗ ನೀಲಿ ಹಡೀತೈತೆ! ಈ ಬಣ್ಣ ನೂಲಿನ ಮೈಮೇಲಷ್ಟೇ ಕುಂದ್ರತೈತೆ, ಒಳಗೆ ಬಿಳಿಯೇ ಇರ್ತೈತೆ, ಅದಕ್ಕೇ ನಮ್ಮೂರ ವಾಷಿಂಗ್ ಯೂನಿಟ್‌ನಾಗೆ ಉಜ್ಜಿದಷ್ಟೂ ಫೇಡ್ ಆಗೋದು.

ಪ್ಯಾಂಟ್ ಇಸ್ಕೊಳ್ಳೋಕೆ ಹೋದಾಗ ಇದನ್ನೆಲ್ಲ ಮಾಸ್ಟರಿಗೆ ಹೇಳಿದೆ. "ಹಂಗಾರೆ ಆಯಮ್ಮಗೆ ಅವತ್ತೇ ಹೇಳಬೇಕಿತ್ತಲ್ಲ ನೀವು, ಯಾಕೆ ಸುಮ್ನಿದ್ರಿ" ಅಂದ್ರು. ಸುಮ್ನೆ ಎಲ್ಲಿದ್ದೆ, ಆಯಮ್ಮನ ಜೊತೆ ನಾನೂ ನಕ್ಕಿದ್ದೆ.