ಕಾಂಬೋಡಿಯದ ಅರಮನೆ ನೃತ್ಯ, ಹಳೇ ಫಿಲ್ಮು ಮತ್ತು ವೇಗದ ಲೆಕ್ಕ

ನಿನ್ನೆ ರಾತ್ರಿ ಬರೆದ ಒಂದೂವರೆ ಪುಟವನ್ನು ಇವತ್ತು ಬೆಳಿಗ್ಗೆ ಹೊಡೆದು ಹಾಕಿದೆ. "ಕಾಂಬೋಡಿಯದ ಅರಮನೆ ನೃತ್ಯ ಮೊದಲು ಈಗಿನದಕ್ಕಿಂತ ತುಂಬಾ ನಿಧಾನವಾಗಿತ್ತು" ಅಂತ ಭಾರಿ ಧೈರ್ಯವಾಗಿ ಬರೆದಿದ್ದೆ. ನಿಧಾನ ಮಾಡಿದ್ದು ನಾನೇ ಅಂತ ಆಮೇಲೆ ಗೊತ್ತಾಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಹಿನ್ನೆಲೆ ಚುಟುಕಾಗಿ. ಪಾತ್ರಗಳು ನಾಲ್ಕು ಬಗೆ: ನಿಯಾಂಗ್ ಅಂದರೆ ಹೆಣ್ಣು, ನಿಯರೊಂಗ್ ಅಂದರೆ ಗಂಡು, ಯೆಕ್ ಅಂದರೆ ರಾಕ್ಷಸ, ಸ್ವಾ ಅಂದರೆ ಕೋತಿ. ಯೆಕ್ ನಮ್ಮ ಯಕ್ಷನೇ. ಅವರ ರಾಮಾಯಣದ ಹೆಸರು ರೀಮ್‌ಕೇರ್, ಅಂದರೆ ರಾಮಕೀರ್ತಿ. ಭಂಗಿ ಮತ್ತು ಕೈಮುದ್ರೆಗಳಿಗೆ ಕ್ಬಾಚ್ ಅನ್ನುತ್ತಾರೆ. ಹಿಮ್ಮೇಳ ಪಿನ್‌ಪಿಯಟ್. ಅದರಲ್ಲಿ ಕೋಲಿನಿಂದ ಬಾರಿಸುವ ರೊನಿಯಟ್, ನಮ್ಮ ಓಲಗದ ಜಾತಿಯ ಸ್ರಲೈ, ಡೋಲುಗಳು ಮತ್ತು ಛಿಂಗ್ ಎಂಬ ಪುಟ್ಟ ತಾಳ ಇರುತ್ತವೆ. ಛಿಂಗ್ ನೆನಪಿಟ್ಟುಕೊಳ್ಳಿ.

ಈಗ ಫಿಲ್ಮು. ಫ್ರಾನ್ಸಿನ ಲೂಮಿಯೇರ್ ಸಿನಿಮಾ ಕಂಪನಿಯ ಕ್ಯಾಮೆರಾದವನು ಗೇಬ್ರಿಯಲ್ ವೇರ್ 1899–1900ರಲ್ಲಿ ಇಂಡೋಚೀನಾ ಸುತ್ತಿದ. ಆಗ ಕಾಂಬೋಡಿಯದ ರಾಜ ನೊರೊದಮ್‌ನ ನರ್ತಕಿಯರನ್ನೂ ಚಿತ್ರಿಸಿದ. ಸಿನಿಮಾ ಹುಟ್ಟಿ ಆಗಿನ್ನೂ ಐದು ವರ್ಷ! ಆ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದದ್ದು ಸುಮಾರು 17 ಮೀಟರ್ ಫಿಲ್ಮು. ಹಿಡಿಕೆಯನ್ನು ಕೈಯಲ್ಲೇ ತಿರುಗಿಸಬೇಕು. ಸೆಕೆಂಡಿಗೆ ಎರಡು ಸುತ್ತು, ಸುತ್ತಿಗೆ 8 ಫ್ರೇಮು, ಒಟ್ಟು 16. ಸುತ್ತುವವನ ಕೈ ಸ್ವಲ್ಪ ಚುರುಕಾದರೆ 18. ಹೀಗೆ ಇಡೀ ಫಿಲ್ಮು ಮುಗಿಯುವುದು 50 ಸೆಕೆಂಡಿನ ಆಸುಪಾಸಿನಲ್ಲಿ. ಗಂಟೆಗಟ್ಟಲೆ ನಡೆಯುವ ಆಟದಲ್ಲಿ ನಮಗೆ ಸಿಗುವುದು ಅಷ್ಟೇ.

ನಾನು ಎಡವಿದ್ದು ಇಲ್ಲಿ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ಧ್ವನಿ ಬಂದ ಮೇಲೆ ಸಿನಿಮಾದ ವೇಗ ಸೆಕೆಂಡಿಗೆ 24 ಫ್ರೇಮ್‌ಗೆ ನಿಂತಿತು. ಸೆಕೆಂಡಿಗೆ 16ರಂತೆ ತೆಗೆದ ಮೂಕಿ ಫಿಲ್ಮನ್ನು 24ರಲ್ಲಿ ಓಡಿಸಿದರೆ ಒಂದೂವರೆ ಪಟ್ಟು ವೇಗ. 48 ಸೆಕೆಂಡಿನ ನೃತ್ಯ 32 ಸೆಕೆಂಡಿಗೆ ಮುಗಿದುಹೋಗುತ್ತದೆ. ಹಳೇ ಫಿಲ್ಮಿನಲ್ಲಿ ಎಲ್ಲರೂ ಇಲಿಗಳ ಹಾಗೆ ಪುಟುಪುಟು ಓಡಾಡುವುದು ಇದಕ್ಕೇ. ಸರಿಮಾಡಲು 16ನ್ನು 24ರಿಂದ ಭಾಗಿಸಿ: 0.67. ಯೂಟ್ಯೂಬಿನಲ್ಲಾದರೆ ವೇಗವನ್ನು 0.65ಕ್ಕೆ ಇಟ್ಟರೆ ಹತ್ತಿರ ಬರುತ್ತದೆ. ನಾನು ಮೊದಲ ಸಲ 24ನ್ನು 16ರಿಂದ ಭಾಗಿಸಿ 1.5ಕ್ಕೆ ಇಟ್ಟಿದ್ದೆ. ಅದನ್ನು ಬಿಡಿ, ನೋಡಿದ ಕೂಡಲೇ ಗೊತ್ತಾಯಿತು.

ಗೊತ್ತಾಗದೇ ಹೋದದ್ದು ಇನ್ನೊಂದು. ಕೆಲವು ಪ್ರತಿಗಳನ್ನು ಯಾರೋ ಮೊದಲೇ ಸರಿಮಾಡಿ ಇಟ್ಟಿರುತ್ತಾರೆ. ಎರಡು ಫ್ರೇಮಿಗೆ ಒಂದನ್ನು ಎರಡು ಸಲ ಅಚ್ಚು ಹಾಕಿದರೆ 16 ಇದ್ದದ್ದು 24 ಆಗುತ್ತದೆ, ವೇಗ ಸಹಜವಾಗುತ್ತದೆ. ಅಂಥ ಪ್ರತಿಯನ್ನು ನಾನು ಮತ್ತೆ 0.65ಕ್ಕೆ ಇಳಿಸಿ ನೋಡುತ್ತಿದ್ದೆ. ನರ್ತಕಿ ಜೇನುತುಪ್ಪದೊಳಗೆ ತೇಲುವಂತೆ ಕಂಡಳು. "ಆಹಾ, ಏನು ನಿಧಾನ" ಅಂತ ಒಂದೂವರೆ ಪುಟ ಬರೆದೆ.

ಸಿಕ್ಕಿಬಿದ್ದದ್ದು ಹಿಂದೆ ನಡೆದು ಹೋಗುತ್ತಿದ್ದ ಒಬ್ಬ ಆಳಿನಿಂದ. ಏನೋ ಹೊತ್ತುಕೊಂಡು ಎಡದಿಂದ ಬಲಕ್ಕೆ ಹೋಗುತ್ತಾನೆ. ಮಾಮೂಲಿ ನಡಿಗೆಗೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೆಜ್ಜೆ. ಎಣಿಸಿದೆ: 10 ಸೆಕೆಂಡಿಗೆ 13 ಹೆಜ್ಜೆ. ಆ ಹೊರೆ ಹೊತ್ತು ಅಷ್ಟು ಸಾವಕಾಶವಾಗಿ ಯಾರು ನಡೆಯುತ್ತಾರೆ? 0.65ನ್ನು ತೆಗೆದು ಮಾಮೂಲಿ ವೇಗಕ್ಕೆ ತಂದೆ, 10 ಸೆಕೆಂಡಿಗೆ 20 ಹೆಜ್ಜೆ. ಸರಿಯಾಯ್ತು.

ಆದ್ದರಿಂದ ನನ್ನ ಅಚ್ಚುಮೆಚ್ಚಿನ ಉಪಾಯ: ವೇಗ ಅಳೆಯಲು ನರ್ತಕಿಯನ್ನು ನೋಡಲೇಬೇಡಿ. ಅವಳು ಎಷ್ಟು ನಿಧಾನ ಅನ್ನುವುದೇ ನಮ್ಮ ಪ್ರಶ್ನೆ ಅಲ್ವಾ, ಅವಳನ್ನೇ ಅಳತೆಗೋಲು ಮಾಡಿದರೆ ಹೇಗೆ? ಹಿಂದಿರುವ ಆಳು, ಮಗು, ನಾಯಿ, ಯಾರಾದರೂ ಸಾಕು. ಯಾರೂ ಇಲ್ಲದಿದ್ದರೆ ವಿಡಿಯೋ ನಿಲ್ಲಿಸಿ ಕೀಬೋರ್ಡಿನ ಚುಕ್ಕಿ ಒತ್ತುತ್ತಾ ಒಂದೊಂದೇ ಫ್ರೇಮು ಸರಿಸಿ. ಒಂದು, ಎರಡು, ಎರಡು, ಮೂರು, ನಾಲ್ಕು, ನಾಲ್ಕು ಅಂತ ಚಿತ್ರ ಅಲ್ಲಲ್ಲಿ ನಿಂತು ಮುಂದೆ ಹೋದರೆ ಮೊದಲೇ ಸರಿಮಾಡಿದ ಪ್ರತಿ. ವೇಗ ಮುಟ್ಟಬೇಡಿ.

ಹಿನ್ನೆಲೆ ಸಂಗೀತವನ್ನೂ ನಂಬಬೇಡಿ. ಮೂಕಿ ಫಿಲ್ಮಿಗೆ ಸಂಗೀತ ಇದ್ದರೆ ಅದು ಆಮೇಲೆ ಸೇರಿಸಿದ್ದು. ಛಿಂಗ್‌ಗೆ ಎರಡು ಪೆಟ್ಟು: ಬಿಟ್ಟು ಹೊಡೆದರೆ ಛಿಂಗ್ ಅಂತ ಗುಂಯ್ಗುಡುತ್ತದೆ, ಒತ್ತಿ ಹಿಡಿದರೆ ಛಪ್ ಅಂತ ನಿಲ್ಲುತ್ತದೆ. ಚಿತ್ರದಲ್ಲಿ ತಾಳದವನು ಕಂಡರೆ ಅವನ ಕೈ ಸೇರುವುದನ್ನೂ ನೀವು ಕೇಳುವ ಛಪ್ಪನ್ನೂ ಹೋಲಿಸಿ.

ಉಳಿದದ್ದು ಬೇಗ ಹೇಳುತ್ತೇನೆ. ಕ್ಬಾಚ್‌ನ ಆಕಾರ ಮಾತ್ರ ಬೇಕಿದ್ದರೆ ಫಿಲ್ಮು ಬೇಡವೇ ಬೇಡ. 1927ರಲ್ಲಿ ಫ್ರೆಂಚ್ ವಿದ್ವಾಂಸ ಜಾರ್ಜ್ ಗ್ರೋಲಿಯೆ ನರ್ತಕಿಯರನ್ನು ಒಂದೊಂದೇ ಭಂಗಿಯಲ್ಲಿ ನಿಲ್ಲಿಸಿ ಫೋಟೋ ತೆಗೆದಿದ್ದಾನೆ. ಒಂದು ಕ್ಬಾಚ್‌ನಿಂದ ಇನ್ನೊಂದಕ್ಕೆ ಮಣಿಕಟ್ಟು ಹೇಗೆ ಹೊರಳುತ್ತದೆ ಅನ್ನುವುದಕ್ಕೆ ಫಿಲ್ಮೇ ಆಗಬೇಕು. ಭರತನಾಟ್ಯ ಕಲಿತವರಿಗೆ ಒಂದು ಮಾತು: ಪತಾಕ, ತ್ರಿಪತಾಕ ಅಂತ ಹೆಸರು ಹಚ್ಚಲು ಹೋಗಬೇಡಿ. ನಾನು ಹಚ್ಚಿದೆ, ಮೂರನೇ ಮುದ್ರೆಗೇ ಕೆಟ್ಟಿತು.

ಫಿಲ್ಮು ಯಾವ ಕಾಲದ್ದು ಅಂತ ಗುರುತಿಸಲು ಕೋತಿಯನ್ನು ನೋಡಿ. ಮೊದಲು ಎಲ್ಲ ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ಕೋತಿಯ ಪಾತ್ರಕ್ಕೆ ಗಂಡಸರನ್ನು ತಂದದ್ದು 20ನೇ ಶತಮಾನದ ಮಧ್ಯಭಾಗದಲ್ಲಿ, ರಾಣಿ ಕೊಸ್ಸಮಕ್. ಅಪ್ಸರಾ ನೃತ್ಯವೂ ಅವರ ಕಾಲದ್ದೇ, ಅದರ ಮೊದಲ ಹೆಸರಾಂತ ಅಪ್ಸರೆ ಮೊಮ್ಮಗಳು ಬೊಪ್ಪಾ ದೇವಿ. ಕಲ್ಲಿನಲ್ಲಿ ಅಪ್ಸರೆಯರು ನೂರಾರು ವರ್ಷದಿಂದ ಇದ್ದಾರೆ, ನೃತ್ಯ ಹೊಸದು. ಮೂಕಿ ಫಿಲ್ಮಿಗೆ "ಅಪ್ಸರಾ ನೃತ್ಯ" ಅಂತ ಶೀರ್ಷಿಕೆ ಇದ್ದರೆ ಯಾರೋ ಸುಮ್ನೆ ಹಾಕಿದ್ದು.

1975–79ರ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ಆಡಳಿತದಲ್ಲಿ ಕಲಾವಿದರಲ್ಲಿ ಬಹುಪಾಲು ಜನ ಸತ್ತರು. ಮತ್ತೆ ಕಲಿಸಿದ್ದು ಬದುಕುಳಿದ ಚಿಯಾ ಸಮಿಯಂಥ ಗುರುಗಳು, ತಮ್ಮ ಮೈಯ ನೆನಪಿನಿಂದಲೇ. ಉಳಿದ ಫಿಲ್ಮು, ಧ್ವನಿಮುದ್ರಣಗಳನ್ನು ಕಲೆಹಾಕಲು ನೊಮ್‌ಪೆನ್‌ನಲ್ಲಿ ಬೊಫಾನಾ ಕೇಂದ್ರ 2006ರಲ್ಲಿ ಶುರುವಾಯಿತು.

ಸರಿಯಾದ ವೇಗದಲ್ಲಿ ನನ್ನ ತುಣುಕನ್ನು ಮತ್ತೆ ನೋಡಿದೆ. ಒಂದು ಕಡೆ ಅವಳು ಮಂಡಿ ಮಡಿಸಿ ಹಿಂದಿನ ಪಾದವನ್ನು ಮೇಲಕ್ಕೆತ್ತುತ್ತಾಳೆ, ಅಂಗಾಲು ಆಕಾಶಕ್ಕೆ. ಅಂದರೆ ಹಾರುತ್ತಿದ್ದಾಳೆ. ಆ ಕಾಲು ನೆಲಕ್ಕೆ ಬರುವ ಮೊದಲೇ ಫಿಲ್ಮು ಮುಗಿಯುತ್ತದೆ.